ಹಿಟ್ಟಿನ ಚೀಲದ ಬಾವುಟ

ಐಖ್‌ಬ್ರುನ್,
ಶುಕ್ರವಾರ, 27 ಫೆಬ್ರವರಿ 1987

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ಆ ಆರೈಕೆಮನೆಯವರು ಬಿಸಿನೀರಿನ ತೊಟ್ಟಿಗೆ ದಿನಕ್ಕೆ ಎರಡು ಸಲ ಇಳಿಸುತ್ತಿದ್ದಾರೋ, ಒಂದೇ ಸಲ ಇಳಿಸಿ ಕೈ ತೊಳೆದುಕೊಳ್ಳುತ್ತಿದ್ದಾರೋ? ಅಲ್ಲಿಯ ಸಪ್ಪೆ ಸೂಪನ್ನು ಬೈದು ಎರಡು ಪುಟ ಬರೆದಿದ್ದೆಯಲ್ಲ, ಓದಿ ಜೀವಕ್ಕೆ ಸಮಾಧಾನವಾಯಿತು. ನಿನಗೆ ಬೈಯುವ ಶಕ್ತಿ ಬಂತೆಂದರೆ ಅರ್ಧ ಗುಣವಾದ ಹಾಗೆ. ನಲವತ್ತು ವರ್ಷ ಭಟ್ಟಿಯ ಮುಂದೆ ಕಲ್ಲುನೆಲದ ಮೇಲೆ ನಿಂತ ಕಾಲು ಅದು, ನಾಲ್ಕು ವಾರ ಕೂತರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಅಪ್ಪ ಚೆನ್ನಾಗಿದ್ದಾನೆ. ನೀನಿಲ್ಲದೆ ಅವನಿಗೆ ಕಾಲುಚೀಲದ ಜೋಡಿ ಸಿಗುತ್ತಿಲ್ಲ, ಅಷ್ಟೇ ಕಷ್ಟ.

ಈಗ ಸುದ್ದಿ. ಅಮ್ಮಾ, ಗೆದ್ದೆವು! ಆ ಫಲಕದ ವಿಷಯ ನಿನಗೆ ಗೊತ್ತಿರುವುದೇ, ಆದರೂ ಸಿಟ್ಟು ಇನ್ನೂ ಆರಿಲ್ಲ, ಅದಕ್ಕೇ ಮತ್ತೆ ಬರೆಯುತ್ತೇನೆ. ನಮ್ಮೂರಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಒಬ್ಬ ಕ್ರಾಪ್ಫನಿಗೇ ತಗಲುತ್ತದೆ. ನೀನು ಹುಟ್ಟಿದ್ದೂ ಕ್ರಾಪ್ಫ್, ಕಟ್ಟಿಕೊಂಡದ್ದೂ ಕೆಳಗಿನ ಬೀದಿಯ ಕ್ರಾಪ್ಫನನ್ನು, ಸಹಿ ಬದಲಿಸುವ ಕಷ್ಟವೂ ಬರಲಿಲ್ಲ. ಇಂಥ ಊರಿನ ಇಗರ್ಜಿಯ ಪುಸ್ತಕದಲ್ಲಿ ಈ ಹೆಸರು ಬಿದ್ದು ಐನೂರು ವರ್ಷವಾಯಿತೆಂದು ಪುರಭವನದ ಗೋಡೆಗೆ ಕಂಚಿನ ಫಲಕ. ಅದರಲ್ಲಿ ಐದು ಮಹನೀಯರು. ಎರಡು ಯುದ್ಧ ಮಾಡಿ ಎರಡನ್ನೂ ಸೋತ ಸೇನಾಪತಿ ಕ್ರಾಪ್ಫ್. ಆರ್ಗನ್ ಕಟ್ಟಿದ ಕ್ರಾಪ್ಫ್. ಯಾವುದೋ ಪಾಚಿಗೆ ತನ್ನ ಹೆಸರಿಟ್ಟುಕೊಂಡ ಪಂಡಿತ ಕ್ರಾಪ್ಫ್. ಬಡವರನ್ನು ಜೈಲಿಗೆ ತುಂಬಿದ ನ್ಯಾಯಾಧೀಶ ಕ್ರಾಪ್ಫ್. ಕಾಲ್ಚೆಂಡಿನ ಗೋಲಿ ಕ್ರಾಪ್ಫ್. ಐವರೂ ಗಂಡಸರು. ಕೆಳಗಡೆ ಅಲಂಕಾರಕ್ಕೆ ಒಂದು ಕ್ರಾಪ್ಫನ್ ತಿಂಡಿಯ ಚಿತ್ರ, ಉಬ್ಬಿದ ಹೊಟ್ಟೆ, ಮೇಲೆ ಸಕ್ಕರೆ ಪುಡಿ. ತಿಂಡಿಗೆ ಜಾಗವಿದೆ, ಅದನ್ನು ಕರಿದವಳಿಗೆ ಇಲ್ಲ!

ಕುನಿಗುಂಡೆ ಅಜ್ಜಿಯ ಹೆಸರನ್ನು ಸೇರಿಸಿ ಎಂದು ಅರ್ಜಿ ಹಿಡಿದು ಹೋದೆ. ಸಂಸ್ಕೃತಿ ಸಮಿತಿಯ ನ್ಯೂಸ್‌ಲೈನ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. "ನೋಡು ವಾಲ್ಲಿ, ಈ ಐದು ಜನ ಹೆಸರು ಮಾಡಿದೋರು. ನಿಮ್ಮನೆ ಹೆಂಗಸ್ರು ತಿಂಡಿ ಮಾಡಿದೋರು. ತಿಂಡಿ ಚೆನ್ನಾಗಿರುತ್ತಪ್ಪ, ನಾನೂ ತಿಂತೀನಿ. ಅದಕ್ಕೇಂತ ಕಂಚಲ್ಲಿ ಕೆತ್ತೋಕಾಗುತ್ತಾ?" ಎಂದ. ಆಮೇಲೆ, "ಸೇತುವೆ ಕತೆಗೆ ಕಾಗದಪತ್ರ ಎಲ್ಲಿದೆ?" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಕಾಗದ ಇಲ್ಲ. ಕಿಟಕಿ ತೆಗೆದು ನೋಡಿ, ಊರು ನಿಂತಿದೆಯಲ್ಲ, ಅದೇ ಪತ್ರ. ಸುಟ್ಟುಹೋಗಿದ್ದರೆ ಬೂದಿ ತಂದು ತೋರಿಸ್ತಿದ್ದೆ" ಎಂದು ಹೇಳಿ ಬಾಗಿಲು ಬಡಿದು ಬಂದೆ.

ಸೇತುವೆಯ ಕತೆಯನ್ನು ನೀನು ನನಗೆ ಪೂರ್ತಿ ಹೇಳಿದ್ದು ಒಂದೇ ಸಲ, ನಾನು ನಿನ್ನ ಮಂಡಿಗೆ ಮುಲಾಮು ತಿಕ್ಕುತ್ತಿದ್ದಾಗ. ನಲವತ್ತೈದರ ಏಪ್ರಿಲ್, ನದಿಯಾಚೆ ಗುಡ್ಡದ ಮೇಲೆ ಅಮೆರಿಕದವರ ಫಿರಂಗಿ, ಊರಿನ ಗಂಡಸರು ನೆಲಮಾಳಿಗೆಯಲ್ಲಿ. ಅಜ್ಜಿ ಖಾಲಿ ಹಿಟ್ಟಿನ ಚೀಲವನ್ನು ಭಟ್ಟಿಯಿಂದ ರೊಟ್ಟಿ ತೆಗೆಯುವ ಉದ್ದ ಸಲಿಕೆಯ ತುದಿಗೆ ಶರಣಾಗತಿಯ ಬಿಳಿ ಬಾವುಟದ ಹಾಗೆ ಕಟ್ಟಿ ಬೀದಿಗಿಳಿದಳು. ಗಾಳಿಗೆ ಸಲಿಕೆ ತೂರಾಡುತ್ತಿತ್ತು, ಅದಕ್ಕೇ ಹಿಡಿಯ ಹಿಂದಿನ ತುದಿಯನ್ನು ಹದಿಮೂರು ವರ್ಷದ ನೀನು ಹಿಡಿದುಕೊಂಡೆ. ಸೇತುವೆಯ ಮೇಲೆ ಆಗಿನ ನಾಜಿ ಪಕ್ಷದ ಮುಖಂಡ ಡ್ರೆಕ್ಸ್ಲರ್ ಪಿಸ್ತೂಲು ಎತ್ತಿದ. "ಇನ್ನೊಂದು ಹೆಜ್ಜೆ ಇಟ್ರೆ ಸುಟ್ಟುಬಿಡ್ತೀನಿ ಕುನಿಗುಂಡೆ!" ಅಜ್ಜಿ ನಿಲ್ಲಲಿಲ್ಲ. "ಸುಡು. ನಾಳೆ ಬೆಳಿಗ್ಗೆ ನಿನ್ನ ಮಕ್ಕಳಿಗೆ ರೊಟ್ಟಿ ಯಾರು ಸುಡ್ತಾರೆ ಅಂತ ಮೊದ್ಲು ಹೇಳು." ಅವನ ಕೈ ಇಳಿಯಿತು. ನೀವಿಬ್ಬರೂ ದಾಟಿದಿರಿ. ಒಂದು ಗುಂಡೂ ಊರಿನ ಮೇಲೆ ಬೀಳಲಿಲ್ಲ. ಈಗ ಅವನ ಮಗನೇ ನಮ್ಮ ಮೇಯರ್. "ಸತ್ತವನ ಪಾಪವನ್ನು ಮಗನ ತಲೆಗೆ ಕಟ್ಟಬೇಡ, ನನ್ನ ಹೆಸರನ್ನೂ ಎಲ್ಲೂ ಎತ್ತಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡೆ. ಎರಡೂ ಮಾತು ಉಳಿಸಿಕೊಂಡಿದ್ದೇನೆ ಅಮ್ಮಾ, ಹಲ್ಲು ಕಚ್ಚಿಕೊಂಡು.

ಅರ್ಜಿಯ ದಾರಿ ಮುಚ್ಚಿತು. ಉಳಿದದ್ದು ನಿನ್ನೆಯ ಹೆಂಗಸರ ಗುರುವಾರ ಒಂದೇ, ವರ್ಷಕ್ಕೊಮ್ಮೆ ಹೆಂಗಸರು ಪುರಭವನಕ್ಕೆ ನುಗ್ಗಿ ಊರಿನ ಅಧಿಕಾರ ಕಸಿದುಕೊಳ್ಳುವ ಆ ಒಂದು ಹಬ್ಬದ ದಿನ. ನೀನಿಲ್ಲದ ಮೊದಲ ಗುರುವಾರ. ಬೆಳಗಿನ ಜಾವದಿಂದ ಒಂಬೈನೂರು ಕ್ರಾಪ್ಫನ್ ಕರಿದೆ. ಎಲ್ಲದಕ್ಕೂ ಕಾಡುಗುಲಾಬಿ ಕಾಯಿಯ ಜಾಮು, ನೀನು ಕಾಸಿಟ್ಟು ಹೋದದ್ದೇ. ಪುರಭವನದ ಹದಿಮೂರು ಗಂಡಸರ ತಟ್ಟೆಯಲ್ಲಿ ಹನ್ನೆರಡಕ್ಕೆ ಜಾಮು, ಒಂದಕ್ಕೆ ಖಾರದ ಸಾಸಿವೆ ಗೊಜ್ಜು. ಅದು ತಪ್ಪಿ ಬೇರೆ ತಟ್ಟೆಗೆ ಹೋಗದಿರಲೆಂದು ನೀನು ಮಾಡುವ ಹಾಗೆಯೇ ಅದರ ತಳಕ್ಕೆ ಒಂದೇ ಒಂದು ಗಸಗಸೆ ಕಾಳು ಅಂಟಿಸಿದೆ. ಸಾಸಿವೆ ಕಚ್ಚಿದವನು ಹೆಂಗಸರ ಗೊತ್ತುವಳಿಗೆ ಸಹಿ ಹಾಕಲೇಬೇಕು. ಸದಸ್ಯ ಕಚ್ಚಿದರೆ ಆ ಸಹಿಗೆ ಒಂದು ಪೀಪಾಯಿ ಬಿಯರಿನ ಬೆಲೆ, ಅಷ್ಟೇ. ಮೇಯರ್ ಕಚ್ಚಿದರೆ ಮಾತ್ರ ಊರಿನ ಮುದ್ರೆ ಬೀಳುತ್ತದೆ. ಡ್ರೆಕ್ಸ್ಲರ್ ಹನ್ನೆರಡು ವರ್ಷದಿಂದ ಮೇಯರ್, ಒಮ್ಮೆಯೂ ಕಚ್ಚಿದವನಲ್ಲ. ಅದೃಷ್ಟವಂತ ಎಂದು ನಾವೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದೆವು. ಪ್ರತಿ ವರ್ಷ ಗೊತ್ತುವಳಿ ಎಂದರೆ ಪುಕ್ಕಟೆ ಬಿಯರ್. ಈ ವರ್ಷ ಅಜ್ಜಿಯ ಹೆಸರು ಎಂದೆ. ಯಾರಾದರೂ ನಗುತ್ತಾರೇನೋ ಎಂದುಕೊಂಡಿದ್ದೆ. ಒಬ್ಬಳೂ ನಗಲಿಲ್ಲ.

ಹನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ ಮುತ್ತಿಗೆ. ಎಂಬತ್ತು ಹೆಂಗಸರು! ನೂಲಿನ ಗಿರಣಿಯವರು, ಶಾಲೆ ಗುಡಿಸುವವರು, ಮೂರನೇ ಮಹಡಿಯ ಟೈಪಿಸ್ಟುಗಳು. ಮೆಟ್ಟಿಲು ಕಾಣದಷ್ಟು. ಮಾಂಸದಂಗಡಿಯ ಬಾಬೆಟ್ ಚಿಕ್ಕಮ್ಮ ದೊಡ್ಡ ಕತ್ತರಿ ಹಿಡಿದು ಹಬ್ಬದ ಪದ್ಧತಿಯಂತೆ ಎದುರಿಗೆ ಸಿಕ್ಕ ಗಂಡಸರ ಟೈಗಳನ್ನೆಲ್ಲ ಕತ್ತರಿಸುತ್ತ ಬಂದು ನ್ಯೂಸ್‌ಲೈನನ ಮುಂದೆ ನಿಂತಳು. "ಹಾಳು ಜಿಪುಣ, ಹಳೇ ಟೈ ಹಾಕ್ಕೊಂಡು ಬಂದಿದಾನೆ ಕಣ್ರೇ! ಪರವಾಗಿಲ್ಲ ಬಿಡಿ, ಅಂಗಿ ಹೊಸದು!" ಅಂಗಿಯ ಕಾಲರೂ ಹೋಯಿತು.

ಊರಿನ ಬೀಗದ ಕೈ ನಮ್ಮ ಕೈಗೆ ಬಂತು. ಮೇಜಿನ ಮೇಲೆ ತಟ್ಟೆ ಇಟ್ಟೆ. ಗೊತ್ತುವಳಿ ಓದಿದೆ: ಫಲಕದಿಂದ ತಿಂಡಿಯ ಚಿತ್ರ ತೆಗೆಯಬೇಕು, ಆ ಜಾಗದಲ್ಲಿ ಈ ಊರನ್ನು ಬೆಂಕಿಯಿಂದ ಉಳಿಸಿದ ಬೇಕರಿಯ ಕುನಿಗುಂಡೆ ಕ್ರಾಪ್ಫ್ ಎಂದು ಕೆತ್ತಬೇಕು. ತುತ್ತೂರಿಯವರೂ ಊದುವುದನ್ನು ನಿಲ್ಲಿಸಿದರು. ಕಾಲರಿಲ್ಲದ ನ್ಯೂಸ್‌ಲೈನ್ ಮಾತ್ರ ಹಲ್ಲುಕಿರಿದ. "ಹದಿಮೂರರಲ್ಲಿ ಒಂದು, ವಾಲ್ಲಿ! ಹೋಗಿ ಮೇಣದಬತ್ತಿ ಹಚ್ಚು!"

ಮೊದಲ ಸರದಿ ಮೇಯರನದು. ಡ್ರೆಕ್ಸ್ಲರ್ ಒಂದನ್ನು ಎತ್ತಿದ, ತಿರುಗಿಸಿ ನೋಡಿದ, ಇಟ್ಟ. ಇನ್ನೊಂದನ್ನು ಎತ್ತಿ ಇಟ್ಟ. ಆರಿಸುತ್ತಿದ್ದಾನೆ ಕಳ್ಳ, ಮುಗಿಯಿತು ನಮ್ಮ ಕತೆ ಎಂದುಕೊಂಡೆ. ಐದನೆಯದನ್ನು ತಿರುಗಿಸಿದವನು ಕೆಳಗಿಡಲಿಲ್ಲ. ಅರ್ಧಕ್ಕೆ ಕಚ್ಚಿದ. ಅಮ್ಮಾ, ಸಾಸಿವೆ ಅವನ ಗಲ್ಲದ ಮೇಲಿಂದ ಹರಿದು ಕೊರಳಿನ ಅಧಿಕಾರದ ಸರಪಳಿಯ ಮೇಲೆ ಬಿತ್ತು! ಎಂಬತ್ತು ಗಂಟಲು ಒಟ್ಟಿಗೆ ಕೂಗಿದರೆ ಏನಾಗುತ್ತದೆ ಗೊತ್ತೇ? ಗೋಡೆಯ ಮೇಲಿದ್ದ ಸೇನಾಪತಿ ಕ್ರಾಪ್ಫನ ಚಿತ್ರ ಓರೆಯಾಯಿತು. ಇದು ನಡೆದದ್ದು, ನಾನು ಕಟ್ಟಿದ್ದಲ್ಲ.

ನ್ಯೂಸ್‌ಲೈನ್ ಎದ್ದುನಿಂತು, "ಇದು ಹಬ್ಬದ ತಮಾಷೆ, ಇದಕ್ಕೆಲ್ಲ ಬೆಲೆ ಇಲ್ಲ" ಎಂದು ಬಡಬಡಿಸಿದ. ಮೇಯರ್ ಕಣ್ಣೀರು ಸುರಿಸುತ್ತಲೇ ಸಹಿ ಹಾಕಿ, ಇನ್ನೇನೋ ಒಂದು ಸಾಲು ಗೀಚಿ, ಮುದ್ರೆ ಒತ್ತಿದ. "ತಮಾಷೆ ಮೇಲೆ ಮುದ್ರೆ ಬಿದ್ದಾಯ್ತು ನ್ಯೂಸ್‌ಲೈನ್. ಇನ್ನು ಅದು ಕಾನೂನು. ಕೂತ್ಕೋ." ಅವನೇನು ಬರೆದನೆಂದು ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ. ಬಾಬೆಟ್ ಚಿಕ್ಕಮ್ಮ ಕಾಗದವನ್ನು ಕಸಿದು ಎದೆಯೊಳಗೆ ಇಳಿಸಿಕೊಂಡಳು, ಸಂಜೆ ನನಗೆ ಕೊಟ್ಟಳು. ಫಲಕದ ಕೆತ್ತನೆ ಕೆಲಸ ಸೋಮವಾರ ಶುರು. ಸೋಲದ ಒಂದು ಕ್ರಾಪ್ಫ್ ಹೆಸರು ಕೊನೆಗೂ ಆ ಗೋಡೆಗೆ ಏರುತ್ತದೆ. ಬೇಡಿ ಪಡೆದದ್ದಲ್ಲ ಅಮ್ಮಾ, ನುಗ್ಗಿ ಪಡೆದದ್ದು.

ಅಪ್ಪ, ಬಾಬೆಟ್ ಚಿಕ್ಕಮ್ಮ, ಆ ಎಂಬತ್ತು ಜನರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಚೆನ್ನಾಗಿ ಉಣ್ಣು, ಸೂಪನ್ನು ಇನ್ನಷ್ಟು ಬೈಯಿ. ದೇವರು ನಿನ್ನ ಮಂಡಿಯನ್ನು ಕಾಯಲಿ, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ.

ನಿನ್ನ ಮಗಳು,
ವಾಲ್‌ಬುರ್ಗಾ ಕ್ರಾಪ್ಫ್

ಮರೆಯುವ ಮುನ್ನ: ಅಂಚೆಯವನು ಬಾಗಿಲಲ್ಲಿ ಕಾಲು ಕುಟ್ಟುತ್ತಿದ್ದಾನೆ. ಆ ಕಾಗದವನ್ನು ಈಗ ಸರಿಯಾಗಿ ಓದಿದೆ. ಅಜ್ಜಿಯ ಹೆಸರಿನ ಕೆಳಗೆ ಮೇಯರ್ ತನ್ನ ಕೈಯಿಂದ ಬರೆದದ್ದು ಇದು: "ಮತ್ತು ಸಲಿಕೆಯ ಹಿಂದಿನ ತುದಿ ಹಿಡಿದಿದ್ದ ಮಗಳು ಒಟ್ಟೀಲಿ, ವಯಸ್ಸು ಹದಿಮೂರು." ಆಣೆಯಾಗಿಯೂ ನಾನು ಯಾರಿಗೂ ಹೇಳಿಲ್ಲ. ಪತ್ರಕ್ಕೆ ಸಹಿ ಹಾಕಿದ ಮೇಲೆ, ಅರ್ಧ ಗಂಟೆಯ ಹಿಂದೆ, ಮೇಯರನೇ ಹಿಂಬಾಗಿಲಿಗೆ ಬಂದಿದ್ದ. ಅವನಪ್ಪ ಸಾಯುವಾಗ ಎಲ್ಲ ಹೇಳಿದ್ದನಂತೆ. "ಗಸಗಸೆ ಗುಟ್ಟನ್ನ ನಿಮ್ಮಪ್ಪ ಯಾವತ್ತೋ ಕುಡಿದಾಗ ಬಿಟ್ಟುಕೊಟ್ಟಿದ್ದ. ಹನ್ನೆರಡು ವರ್ಷ ಆ ಕಾಳು ನೋಡಿ ತಪ್ಪಿಸ್ಕೊಂಡೆ. ಈ ಸಲ ಹುಡುಕಿ ತಗೊಂಡೆ" ಎಂದ. "ಹನ್ನೆರಡು ವರ್ಷ ತಡ" ಎಂದು ಮುಖಕ್ಕೆ ಹೇಳಿದೆ. ತಲೆ ತಗ್ಗಿಸಿದ. ಫಲಕದ ತೆರೆ ಎಳೆಯುವಾಗ ನಿನ್ನ ಪಕ್ಕ ನಿಲ್ಲಬಹುದೇ ಎಂದು ಕೇಳುತ್ತಿದ್ದಾನೆ. ಅದು ನೀನು ಹೇಳಬೇಕಾದ ಮಾತು, ನಾನು ಬಾಯಿ ಹಾಕುವುದಿಲ್ಲ. ತೆರೆ ಎಳೆಯುವವಳು ಮಾತ್ರ ನೀನೇ, ಮಾರ್ಚ್ 22ರ ಭಾನುವಾರ. ಮಂಡಿಯ ನೆವ ಹೇಳಬೇಡ. ಆ ಹಳೆಯ ಸಲಿಕೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ಈ ಸಲ ಮುಂದಿನ ತುದಿ ನೀನು ಹಿಡಿ, ಹಿಂದಿನದನ್ನು ನಾನು ಹಿಡಿಯುತ್ತೇನೆ.