ಬೆಣ್ಣೆಗಾಗಿ ಗಡಿ ದಾಟಿದವರು

ಅಕ್ಟೋಬರ್ 4, 2012, ಗುರುವಾರ

ನಮ್ಮೂರು ಟೋಂಡರ್‌ನಿಂದ ಸೈಕಲ್. ಎದುರುಗಾಳಿ. ಹತ್ತಕ್ಕೆ ಗಡಿ ದಾಟಿ, ಜರ್ಮನಿಯ ಬದಿಯಲ್ಲಿ ವೀಬ್ಕೆಯ ದಿನಸಿ ಅಂಗಡಿ. ಕಿಟಕಿ ಪಕ್ಕದ ಕುರ್ಚಿಯನ್ನು ಒರೆಸಿಟ್ಟಿದ್ದಳು.

ಅಣ್ಣನ ಮಗಳು ರಾಗ್ನಾಳ ರಿಪೋರ್ಟಿಗೆ ಎಣಿಕೆ. ಹಂಗೇರಿಯಲ್ಲಿ ಚಿಪ್ಸ್‌ಗೆ ತೆರಿಗೆ, ಸ್ವೀಡನ್ನಿನಲ್ಲಿ ಮದ್ಯಕ್ಕೆ, ನಮ್ಮ ಡೆನ್ಮಾರ್ಕಿನಲ್ಲಿ ವರ್ಷದಿಂದ ಕೊಬ್ಬಿಗೆ — ಯಾವ ದೇಶದವರು ತಿನ್ನುವುದು ಬಿಟ್ಟರು, ಯಾವ ದೇಶದವರು ಗಡಿ ದಾಟಿದರು? ನನ್ನ ಕೆಲಸ ಸಣ್ಣದು. ಇಲ್ಲಿಗೆ ಬರುವ ಡೇನರನ್ನು ಗುರುವಾರಕ್ಕೊಮ್ಮೆ ಒಂದು ಗಂಟೆ, ಯಾತಕ್ಕೆ ಬಂದಿರಿ ಎಂದು ಕೇಳುವುದು, ಫಾರ್ಮಿನಲ್ಲಿ ಗುರುತು ಹಾಕುವುದು. ಬೆಣ್ಣೆ, ಬಿಯರ್, ಮಿಠಾಯಿ, ಇತರೆ.

ಇಂದು ಮೂವತ್ತೊಂದು ಜನ. ಬೆಣ್ಣೆಗೆ ಹತ್ತೊಂಬತ್ತು, ನನ್ನನ್ನೂ ಸೇರಿಸಿ.

"ನಲವತ್ತು ವರ್ಷ ತೆರಿಗೆ ಆಫೀಸಲ್ಲಿ ಕೂತೋರು. ಒಂದು ಪ್ಯಾಕ್ ಬೆಣ್ಣೆಗೆ ಇಷ್ಟು ದೂರ ತುಳ್ಕೊಂಡು ಬರ್ತೀರಲ್ಲ, ನಾಚಿಕೆ ಆಗಲ್ವಾ?" ವೀಬ್ಕೆ ಕೆಣಕಿದಳು.

"ಸಂಶೋಧನೆ," ಅಂದೆ.

"ಬೆಲ್ಟ್ ನೋಡಿದ್ರೆ ಗೊತ್ತಾಗುತ್ತೆ, ಸಂಶೋಧನೆ ಚೆನ್ನಾಗೇ ನಡೀತಿದೆ."

ವಾಪಸ್ ದಾರಿಯುದ್ದಕ್ಕೂ ನಗು.

ಅಕ್ಟೋಬರ್ 25

ಫ್ರೀಜರ್ ಮುಚ್ಚುತ್ತಿಲ್ಲ. ಹದಿನಾಲ್ಕು ಪ್ಯಾಕ್. ಡಾಕ್ಟರು ಬೆಣ್ಣೆ ಬಿಡಿಸಿ ಮೂರು ವರ್ಷ... ಫಾರ್ಮಿನಲ್ಲಿ ಮಾತ್ರ ವಾರವಾರವೂ 'ಬೆಣ್ಣೆ'ಗೇ ಗುರುತು. ಆಫೀಸಿನಲ್ಲಿದ್ದಾಗ ಇಂಥ ಸುಳ್ಳು ಘೋಷಣೆ ಸಿಕ್ಕಿದ್ದರೆ ಅಂದೇ ನೋಟಿಸ್ ಕಳಿಸುತ್ತಿದ್ದೆ.

ನವೆಂಬರ್ 10, ಶನಿವಾರ

ರೇಡಿಯೊ: ಜನವರಿ ಒಂದರಿಂದ ಕೊಬ್ಬಿನ ತೆರಿಗೆ ರದ್ದು. ಪಕ್ಕದ ಮನೆಯವರಿಗೆ ಹಬ್ಬ. ನನಗೆ ಊಟ ಸೇರಲಿಲ್ಲ.

ನವೆಂಬರ್ 15

ವೀಬ್ಕೆಗೆ ಸುದ್ದಿ ಆಗಲೇ ಗೊತ್ತಿತ್ತು. ಡಬ್ಬಿ ಜೋಡಿಸುತ್ತಲೇ ಅಂದಳು, "ಇನ್ನು ನಿಮ್ಮೋರು ಇತ್ತ ತಲೆ ಹಾಕಲ್ಲ."

"ಬಿಯರ್‌ಗೆ ಬರ್ತಾರೆ."

"ನೀವು ಬಿಯರ್ ಕುಡಿಯಲ್ವಲ್ಲ."

ಇಬ್ಬರ ಮನೆಯಲ್ಲೂ ಊಟಕ್ಕೆ ಒಂದೇ ತಟ್ಟೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಒಂದು ಪ್ಯಾಕ್ ಬೆಣ್ಣೆ ಕೊಂಡು ಹೊರಟೆ.

ಡಿಸೆಂಬರ್ 20

ರಾಗ್ನಾಳ ಫೋನ್. "ಚಿಕ್ಕಪ್ಪ, ಜನವರಿದು ಒಂದೇ ಒಂದು ಗುರುವಾರ ಎಣಿಸಿಕೊಡಿ, ಸಾಕು. ತೆರಿಗೆ ಹೋದ್ಮೇಲೆ ಬೆಣ್ಣೆಗೆ ಯಾರೂ ಬರ್ಲಿಲ್ಲ ಅಂದ್ರೆ ನನ್ನ ವಾದ ಗಟ್ಟಿಯಾಗುತ್ತೆ."

ಒಂದು ಗುರುವಾರ. ಆಮೇಲೆ ಹೋಗಲು ನೆಪವೇ ಇಲ್ಲ.

ಜನವರಿ 3, 2013. ಬೆಳಿಗ್ಗೆ 11.20

ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಒಂಬತ್ತು ಜನ. ಬಿಯರ್ ಆರು, ಮಿಠಾಯಿ ಮೂರು. ಬೆಣ್ಣೆ ಸೊನ್ನೆ. ರಾಗ್ನಾ ಗೆದ್ದಳು. ಫಾರ್ಮ್ ಮಡಚುವಾಗ ವೀಬ್ಕೆ ಉಪ್ಪು ಹಾಕಿದ ಬೆಣ್ಣೆಯ ಪ್ಯಾಕ್ ತಂದು ಮುಂದಿಟ್ಟಳು.

"ನಮ್ಮೋರು ಉಪ್ಪಿನ ಬೆಣ್ಣೆ ಮುಟ್ಟಲ್ಲ, ಇದು ನಿಮ್ಮೋರಿಗಂತ ತರಿಸ್ತಿದ್ದಿದ್ದು. ಇನ್ನು ತರಿಸ್ಲಾ, ಬೇಡ್ವಾ?"

"ನಾನು ಬೆಣ್ಣೆ ತಿನ್ನಲ್ಲ, ವೀಬ್ಕೆ. ಬಿಟ್ಟು ಮೂರು ವರ್ಷ ಆಯ್ತು."

ಪ್ಯಾಕನ್ನು ಬದಿಗೆ ಸರಿಸಿದಳು. ಆಮೇಲೆ ಎದುರಿನ ಕುರ್ಚಿ ಎಳೆದು ಕೂತಳು. ಇಷ್ಟು ದಿನದಲ್ಲಿ ಮೊದಲ ಸಲ. ಫಾರ್ಮ್ ಬಿಡಿಸಿದಳು.

"ಒಬ್ಬರನ್ನ ಬಿಟ್ಟಿದ್ದೀರಿ. ಡೆನ್ಮಾರ್ಕಿಂದ ಬಂದೋರು ಹತ್ತು ಜನ. ಸರಿಯಾಗಿ ತುಂಬಿ, ನೋಡ್ತಿರ್ತೀನಿ."

'ಇತರೆ'ಗೆ ಗುರುತು ಹಾಕಿದೆ. ಪಕ್ಕದಲ್ಲಿ ಚುಕ್ಕಿಗೆರೆ: ಕಾರಣ ವಿವರಿಸಿ. ಅವಳ ಹೆಸರು ಬರೆದೆ.

ಓದಿದಳು. ಎದ್ದು ಹೋಗಿ ಬಾಗಿಲಿನ ಬೋರ್ಡನ್ನು 'ಮುಚ್ಚಿದೆ' ಎಂದು ತಿರುಗಿಸಿದಳು — ಗುರುವಾರ, ನಡುಹಗಲಿಗೂ ಮುಂಚೆ. ಈಗ ಒಳಗಿದ್ದಾಳೆ. ಕಾಫಿ ವಾಸನೆ. ಎರಡು ಬಟ್ಟಲಿನ ಸದ್ದು. ರಾಗ್ನಾಳ ಲೆಕ್ಕ ಕೆಡಿಸಿದೆ, ಪಾಪ. ಅವಳಿಗೆ ಹೇಗೆ ಹೇಳಲಿ, ಒಬ್ಬನ ವಿಷಯದಲ್ಲಿ ತೆರಿಗೆ ಏರಿದರೂ ಇಳಿದರೂ

ವೀಬ್ಕೆ ಬಂದಳು. ಇನ್ನು