ಒದ್ದೆ ಬಟ್ಟೆಯ ತೂಕ

ಅಡುಗೆಮನೆಯಿಂದ, ಭಾನುವಾರ ಬೆಳಗ್ಗೆ

ಪ್ರೀತಿಯ ಇವಳೇ,

ಬರೆಯೋದು ನನ್ನ ಕೈಲಿ ಆಗೋ ಕೆಲಸ ಅಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಯ್ತು ಅಂತ ಅರ್ಧಕ್ಕೇ ನಿಲ್ಲಿಸಬೇಡ, ನಿನ್ನ ಅಭ್ಯಾಸ ನಂಗೊತ್ತು. ಮೊದಲು ಹೇಳು, ನಿಮ್ಮಕ್ಕನ ಮೊಣಕಾಲು ಹೇಗಿದೆ? ಆಪರೇಷನ್ ಆದ ಕಾಲು ಮಡಚೋಕೆ ಬರ್ತಿದೆಯಾ, ಇಲ್ಲ ಇನ್ನೂ ನಿನ್ನ ಹೆಗಲು ಹಿಡ್ಕೊಂಡೇ ನಡೀತಿದಾರಾ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದೀಯಾ? ಅಲ್ಲಿ ಅಕ್ಕನ್ನ ನೀನು ನೋಡ್ಕೋ, ಇಲ್ಲಿ ಬಾಣಂತಿ ಮಗೂನ ನಾನು ನೋಡ್ಕೋತೀನಿ ಅಂತ ಎದೆ ತಟ್ಟಿ ಹೇಳಿದ್ದೆ ನೋಡು, ಆ ಜಂಬ ಈ ವಾರ ಚೆನ್ನಾಗೇ ಇಳೀತು.

ಮಗು ಚೆನ್ನಾಗಿದೆ, ಗಾಬರಿ ಆಗ್ಬೇಡ. ಮೂಗು ನಿನ್ನದೇ, ಹಟಾನೂ ನಿನ್ನದೇ. ತೊಂದರೆ ಆಗಿದ್ದು ಮಗಳಿಗೆ. "ಅಪ್ಪ, ಮಗೂಗೆ ನನ್ನ ಹಾಲು ಸಾಲ್ತಿಲ್ಲ ಅನ್ಸುತ್ತೆ, ಕುಡಿದು ಸ್ವಲ್ಪ ಹೊತ್ತಿಗೇ ಮತ್ತೆ ಹುಡುಕ್ತಾಳೆ" ಅಂದ್ಲು. ಅಳಿಯಂದ್ರು ಬಸ್ಸಿನ ಡ್ಯೂಟಿ ಮುಗಿಸಿ ಬರ್ತಾ ಒಂದು ಹಾಲಿನ ಪುಡಿ ಡಬ್ಬ ತಂದು ಶೆಲ್ಫಿನ ಮೇಲಿಟ್ರು. ಅವಳು ಆ ಡಬ್ಬಾನ ಸವತಿ ನೋಡೋ ಹಾಗೆ ನೋಡಿದ್ಲು. ನಾನು ಸುಮ್ನಿರಬೇಕಿತ್ತು. ಆದ್ರೆ ಜೀವಮಾನವಿಡೀ ತಕ್ಕಡಿ ರಿಪೇರಿ ಮಾಡಿದವನು. ಸಾಲುತ್ತಾ, ಸಾಲಲ್ವಾ ಅನ್ನೋ ಪ್ರಶ್ನೆ ಕಿವಿಗೆ ಬಿದ್ರೆ ಕೈ ಸುಮ್ನಿರುತ್ತಾ? ಕೂದಲೆಳೆ ವ್ಯತ್ಯಾಸಾನೂ ತೋರ್ಸೋ ತಕ್ಕಡಿ ಒಂದನ್ನ ಅಂಗಡಿಯಿಂದ ಹೊತ್ತು ತಂದೆ. ಕುಡಿಯೋ ಮುಂಚೆ ಒಂದು ತೂಕ, ಕುಡಿದ ಮೇಲೆ ಒಂದು ತೂಕ, ಏರಿದಷ್ಟು ಹಾಲು. ಇದಪ್ಪ ಲೆಕ್ಕ ಅಂತ ಬೀಗಿದೆ.

ಏನಾಯ್ತು ಗೊತ್ತಾ? ಒಂದ್ಸಲ ಏರುತ್ತೆ, ಒಂದ್ಸಲ ಇದ್ದಲ್ಲೇ ಇರುತ್ತೆ. ಮಗಳು ಕೂಸಿನ ಮುಖ ನೋಡೋದು ಬಿಟ್ಟು ಅಂಕಿ ನೋಡೋಕೆ ಶುರು ಮಾಡಿದ್ಲು. ಮೊನ್ನೆ ಅಂತೂ ಕುಡಿದ ಮೇಲೆ ತೂಕ ಇಳಿದೇ ಹೋಯ್ತು. ಅವಳು ಮಗೂನ ನನ್ನ ಕೈಗೆ ಕೊಟ್ಟು, "ನೋವು ತಿಂದಿದ್ದೂ ದಂಡ. ಸಾಕು ಬಿಡಪ್ಪ, ಡಬ್ಬ ತೆಗಿ. ಅಮ್ಮಂಗೆ ಸಲೀಸಾಗಿ ಆಗಿದ್ದು ನಂಗೆ ಆಗ್ಲಿಲ್ಲ" ಅಂತ ಗೋಡೆ ಕಡೆ ತಿರುಗಿ ಮಲಗಿದ್ಲು. ಕುಡಿಸೋವಾಗ ನೋವಾಗುತ್ತೆ ಅನ್ನೋ ಮಾತು ನಾನು ಕೇಳಿದ್ದೇ ಆವಾಗ. ಅಪ್ಪನ ಹತ್ರ ಹೇಳೋಕೆ ಸಂಕೋಚ ಪಟ್ಟಿದಾಳೆ, ಪಾಪ. ಡಬ್ಬ ಕೆಳಗಿಳಿಸಿದೆ, ಆದ್ರೆ ಮುಚ್ಚಳ ತೆಗೆಯೋ ಮುಂಚೆ ಕ್ಲಿನಿಕ್ಕಿಗೆ ಫೋನ್ ಮಾಡಿದೆ.

ನರ್ಸಮ್ಮ ಬಂದ್ರು. ನಿನ್ನ ಹಾಗೇ, ಚಪ್ಪಲಿ ಬಿಡೋ ಮುಂಚೆ ಬೈಗುಳ. "ಏನ್ ಯಜಮಾನ್ರೇ, ಇದು ಮಗೂನಾ, ಆಲೂಗಡ್ಡೆ ಮೂಟೇನಾ?" ನಾನು ತೂಕ ಇಳಿದ ಕತೆ ಹೇಳಿದೆ. ನಡುವೆ ಏನಾದ್ರೂ ಮಾಡಿದ್ರಾ ಅಂತ ಕೇಳಿದ್ರು. "ಏನಿಲ್ಲ, ಕುಡೀತಾ ಕುಡೀತಾ ಒದ್ದೆ ಮಾಡ್ಕೊಂಡಿದ್ಲು, ಒಣಗಿದ ಬಟ್ಟೆ ಕಟ್ಟಿ ತೂಗಿದೆ" ಅಂದವನು ಅಲ್ಲೇ ಹಣೆ ಚಚ್ಕೊಂಡೆ. ತರಕಾರಿಯವನು ಬುಟ್ಟಿ ತೂಕ ಕಳೆಯೋದು ಮರೆತ್ರೆ ಅಂಗಡಿ ಮುಂದೆ ನಿಂತು ಜಗಳ ಆಡೋ ನಾನು, ಒದ್ದೆ ಬಟ್ಟೆ ತೂಕಾನ ಬಕೆಟ್ಟಿಗೆ ಹಾಕಿ, ಹೆತ್ತ ಮಗಳಿಗೆ ಹಾಲಿಲ್ಲ ಅಂತ ತೀರ್ಪು ಕೊಟ್ಟಿದ್ದೆ. ನರ್ಸಮ್ಮ ನಕ್ಕು ಸುಸ್ತಾದ್ರು. ಆಮೇಲೆ ಬಚ್ಚಲಿಗೆ ಹೋಗಿ ಆ ಬಕೆಟ್ಟನ್ನೇ ಎತ್ಕೊಂಡು ಬಂದು ಮಗಳ ಮುಂದಿಟ್ರು. "ಇಷ್ಟು ಬಟ್ಟೆ ಒದ್ದೆ ಆಗ್ಬೇಕಾದ್ರೆ ಒಳಗೆ ಹೋಗಿದ್ದು ಹಾಲಲ್ದೆ ಗಾಳೀನಾ? ಪದೇ ಪದೇ ಕೇಳುತ್ತೆ ಅಂದ್ರೆ ಸಾಲ್ತಿಲ್ಲ ಅಂತಲ್ಲ ಕಣಮ್ಮ, ಹೊಟ್ಟೆ ಚಿಕ್ಕದು. ಮಗು ಕುಡಿದಷ್ಟೂ ಹಾಲು ಬರುತ್ತೆ. ತೂಕ ನಾನು ವಾರಕ್ಕೊಂದ್ಸಲ ನೋಡ್ತೀನಿ. ಪುಡಿ ಬೇಕೇ ಬೇಕು ಅನ್ನೋ ದಿನ ಕೊಡೋಣ, ಅದೇನು ಅಪರಾಧ ಅಲ್ಲ. ಈಗ ಆ ನೋವು ಯಾಕೆ ಅಂತ ನೋಡೋಣ ಬಾ."

ನಾನು ಅಡುಗೆಮನೆಗೆ ಬಂದೆ. ಪರದೆ ಆಚೆಯಿಂದ ಮಾತು ಮಾತ್ರ ಕೇಳ್ತಿತ್ತು. ಹೊಟ್ಟೆಗೆ ಹೊಟ್ಟೆ ತಾಗಿಸಿ ಹಿಡ್ಕೋ, ನೀನು ಬಗ್ಗಬೇಡ, ಮಗೂನೇ ಹತ್ರ ಬರ್ಲಿ. ಬಾಯಿ ದೊಡ್ಡದಾಗಿ ತೆಗೆಯೋವರೆಗೂ ಕಾಯಿ. ತುದಿ ಮಾತ್ರ ಸಿಕ್ಕಿದ್ರೆ ನೋಯುತ್ತೆ, ಸುತ್ತ ಇರೋ ಕಪ್ಪು ಭಾಗಾನೂ ಬಾಯೊಳಗೆ ಹೋಗ್ಬೇಕು. ಆಮೇಲೆ ಗುಟುಕ್ ಗುಟುಕ್ ಅಂತ ನುಂಗೋ ಸದ್ದು, ಅದರ ಹಿಂದೆ ಮಗಳ ದನಿ, "ಅರೆ, ಈಗ ಅಷ್ಟು ನೋಯ್ತಿಲ್ಲ." ಪಾತ್ರೆ ತೊಳೀತಿದ್ದವನು ನಲ್ಲಿ ನಿಲ್ಲಿಸಿ ಕೇಳಿಸ್ಕೊಂಡೆ ಕಣೆ. ತಕ್ಕಡಿ ಅವತ್ತೇ ಅಂಗಡಿಗೆ ವಾಪಸ್ ಹೋಯ್ತು. ಡಬ್ಬ ಶೆಲ್ಫಿನ ಮೇಲೇ ಇದೆ, ಈಗ ಅದು ಬರೀ ಡಬ್ಬ. ಪೂರ್ತಿ ಗೆದ್ದೆವು ಅಂತೇನಿಲ್ಲ. ಸಂಜೆ ಹೊತ್ತು ಕೂಸು ಬಿಡೋದೇ ಇಲ್ಲ, ಮಗಳ ಮುಖ ಬಾಡಿಹೋಗುತ್ತೆ. ಆದ್ರೆ "ನಾಳೆ ನೋಡೋಣ" ಅಂತಾಳೆ, "ಸಾಕು" ಅನ್ನಲ್ಲ.

ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು, ಕಾಲು ಬೇಗ ಸರಿ ಹೋಗ್ಲಿ. ನೀನೂ ಸ್ವಲ್ಪ ಕಾಲು ಚಾಚಿ ಕೂತ್ಕೋ.

ಇಂತಿ ಬಕೆಟ್ಟಿನ ಉಸ್ತುವಾರಿ ವಹಿಸ್ಕೊಂಡಿರೋ,
ನಿನ್ನ ಇವರು

ಅಯ್ಯೋ, ಇರು, ಮುಖ್ಯವಾದ್ದೇ ಬಿಟ್ಟೆ. "ಅಮ್ಮಂಗೂ ಹೀಗಾಗಿತ್ತಾ?" ಅಂತ ಮಗಳು ನಿನ್ನೆ ಕೇಳಿದ್ಲು. ನಂಗೇನೂ ಕಷ್ಟ ಆಗ್ಲಿಲ್ಲ ಅಂತ ನೀನು ಫೋನಲ್ಲಿ ಹೇಳಿದೀಯಂತೆ. ಇವಳು ಹುಟ್ಟಿದಾಗ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ, ನಮ್ಮಮ್ಮಂಗೆ ಕೇಳಿಸ್ಬಾರ್ದು ಅಂತ. ನಂಗೆ ಕೇಳಿಸ್ತಿತ್ತು. ನಾನು ಅವಳಿಗೆ ಹೇಳಿಲ್ಲ, ಅದು ನೀನು ಹೇಳಬೇಕಾದ ಮಾತು. ಇದನ್ನ ಕೇಳಿದ ತಕ್ಷಣ ನಂಗಲ್ಲ, ಅವಳಿಗೆ ಫೋನ್ ಮಾಡು. ಕೂಸು ಈಗಷ್ಟೇ ಮಲಗಿದೆ. ಅವಳು ಎದ್ದೇ ಇದಾಳೆ.