ಉಸ್ತಾನ ಹೆಸರಿನ ಎಡೆ

ಅಣ್ಣಯ್ಯನಿಗೆ,

ನಾನು, ನಿನ್ನ ತಂಗಿ ತಾಯಮ್ಮ. ಇಲ್ಲಿ ಅತ್ತಿಗೆ, ನಾನು, ಎಲ್ಲರೂ ಇದ್ದೇವೆ. ನಿನ್ನ ಕ್ಷೇಮವನ್ನು ಹೇಗೆ ಕೇಳುವುದೋ ತಿಳಿಯದೆ ಆ ಸಾಲು ಬಿಟ್ಟಿದ್ದೇನೆ. ಪ್ರತಿ ಮಾರ್ನಮಿಯಲ್ಲೂ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ನಿಂತಾಗ ಮನಸ್ಸಿನಲ್ಲೇ ನಿನಗೆ ಊರಿನ ಸುದ್ದಿ ಹೇಳುತ್ತಿದ್ದೆ. ಈ ಸಲದ ಸುದ್ದಿ ಬಾಗಿಲ ಹೊರಗೆ ನಿಂತು ಹೇಳಿ ಮುಗಿಸುವಂಥದ್ದಲ್ಲ. ಹನಗೋಡು ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದಕ್ಕಾದರೂ ಆಗಲಿ ಅಂತ ಬರೆಯಲು ಕೂತಿದ್ದೇನೆ.

ನೀನು ಇರಾಕಿನಿಂದ ವಾಪಸ್ ಬಂದ ಮಧ್ಯಾಹ್ನ ಅವ್ವ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಹುಣಸೂರು ಬಸ್ಸು ಇಳಿದು ಬಂದವನ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಗಡ್ಡ ಎದೆ ಮುಟ್ಟುತ್ತಿತ್ತು. ಕುವೈತ್ ಯುದ್ಧ ಮುಗಿದು, ನಿನ್ನ ಜೊತೆ ಹೋದವರೆಲ್ಲ ಯಾವಾಗಲೋ ಊರು ಸೇರಿದ್ದರು. ನೀನೊಬ್ಬ ಪತ್ತೆಯಿರಲಿಲ್ಲ. ಅವ್ವ ಮೊರ ಕೆಳಗಿಟ್ಟಳು. "ಯಾರಪ್ಪಾ ನೀನು? ನಮ್ ನಿಂಗನೇ ಆಗಿದ್ರೆ ಎಲ್ಲಿ, ತೋಳ್ ತೋರ್ಸು," ಅಂದಳು. ನೀನು ಅಂಗಿಯ ತೋಳು ಮೇಲೆತ್ತಿದೆ. ನೀನು ಹುಡುಗನಾಗಿದ್ದಾಗ ಹಚ್ಚೆ ಹಾಕುವವಳಿಂದ ಅವ್ವನೇ ಹಾಕಿಸಿದ್ದ ಅವಳ ಹೆಸರು, ಪುಟ್ಟಮ್ಮ, ಹಸಿರು ಅಕ್ಷರದಲ್ಲಿ ಹಾಗೇ ಇತ್ತು. "ಈ ಹೆಸ್ರೇ ಕಣವ್ವ ನನ್ನ ಉಳ್ಸಿದ್ದು," ಅಂತ ನೀನು ಅತ್ತೆ. ತಾಯಿಯ ಮೇಲಿನ ಪ್ರೀತಿಗೆ ಆಡಿದ ಮಾತು ಅಂದುಕೊಂಡೆವು. ಅದು ಇದ್ದದ್ದು ಇದ್ದ ಹಾಗೆ ಅಂತ ಆಗ ನಮಗೇನು ಗೊತ್ತು?

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಾ ಕೂತಾಗಲೆಲ್ಲ ನಿನಗೆ ಅಲ್ಲಿಯ ಒಲೆ ನೆನಪಾಗುತ್ತಿತ್ತು. ಆಗ ಒಂದೊಂದೇ ಹೇಳುತ್ತಿದ್ದೆ. ಕಿರ್ಕುಕ್ ಅನ್ನುವ ಊರಿನ ಹತ್ತಿರ ರಸ್ತೆ ಮಾಡುವ ಕಂಪನಿಯ ಕ್ಯಾಂಪಿನಲ್ಲಿ ನೀನು ಅಡಿಗೆಯವನು. ದಿನಾ ಬೆಳಿಗ್ಗೆ ರೊಟ್ಟಿ ತರಲು ಪಕ್ಕದ ಊರಿನ ಹಸನ್ ಉಸ್ತಾನ ಒಲೆಗೆ ಹೋಗುತ್ತಿದ್ದೆ. ಉಸ್ತಾ ಅಂದರೆ ನಮ್ಮ ಕಡೆ ಮೇಸ್ತ್ರಿ ಅಂದ ಹಾಗಂತೆ. ಹುಣಸೂರು ಸಂತೆಯಲ್ಲಿ ಸಾಬರ ಜೊತೆ ಆಡಿ ಕಲಿತಿದ್ದ ದೋಸ್ತ್, ದುನಿಯಾ, ಚಾಯ್ ಅನ್ನುವ ಮಾತುಗಳು ಉಸ್ತಾನಿಗೂ ತಿಳಿಯುತ್ತಿದ್ದವು. ಅಷ್ಟರಲ್ಲೇ ನಿಮ್ಮ ಸ್ನೇಹ ನಡೆಯಿತು. ಉಸ್ತಾನ ಮಗ ಯಾಶಾರನಿಗೆ ಆಗಿನ್ನೂ ಮೀಸೆ ಮೂಡುತ್ತಿತ್ತು. ಅವನಿಗೆ ನೀನು ಕನ್ನಡ ಕಲಿಸಿದ್ದೆ. ರೊಟ್ಟಿ ಎಣಿಸಿ ಕೊಡುತ್ತಾ "ಬೇಕಾ? ಸಾಕಾ?" ಅನ್ನುತ್ತಿದ್ದನಂತೆ. ಅದನ್ನು ಹೇಳುವಾಗಲೆಲ್ಲ ನಗುತ್ತಿದ್ದೆ.

ಅವ್ವ ಒಂದು ಸಲ ಕೇಳಿದ್ದಳಲ್ಲ, "ಅವ್ರು ಯಾವ್ ಜನ ಅಂದೆ?"

"ತುರ್ಕಮನ್ನರು ಅಂತ ಕಣವ್ವ. ಸಾಬರೇ. ಅಲ್ಲಿ ಅರಬ್ಬರ ಭಾಷೆ ಬ್ಯಾರೆ, ಕುರ್ದರ ಭಾಷೆ ಬ್ಯಾರೆ, ಇವ್ರುದ್ದು ಬ್ಯಾರೆ. ಇವ್ರು ಕಮ್ಮಿ ಜನ."

"ಸಾಬ್ರು ಸಾಬ್ರಲ್ಲೇ ಯಾಕ್ಲಾ ಕಿತ್ತಾಟ?"

"ನಮ್ಮೂರ್ನಾಗೆ ಎಲ್ರೂ ಒಂದೇ ಮಾರಮ್ಮಂಗೆ ಕೈ ಮುಗೀತೀವಿ. ಬದುವಿಗೆ ಒಡ್ದಾಡಾಕಿಲ್ವಾ?"

ಅವ್ವನಿಗೆ ಅದು ಅರ್ಥವಾಯಿತು. ಅರ್ಥವಾಗದ್ದು ಇನ್ನೊಂದು. ಅವರ ಮಕ್ಕಳಿಗೆ ಸ್ಕೂಲಿನಲ್ಲಿ ಅವರ ಭಾಷೆ ಇಲ್ಲ. ಊರಿನಲ್ಲಿ ಮನೆ ಕೊಳ್ಳಬೇಕಾದರೆ, ಕೆಲಸ ಸಿಗಬೇಕಾದರೆ, ನಾವು ಅರಬ್ಬರು ಅಂತ ಬರೆಸಿಕೊಳ್ಳಬೇಕು. "ನಮ್ ಹನಗೋಡಿನೋರೆಲ್ಲ ಇವತ್ತಿಂದ ಬ್ಯಾರೆ ಭಾಷೆಯೋರು ಅಂತ ಸೈನ್ ಆಕಿ, ಇಲ್ದಿದ್ರೆ ಮನೆ ಖಾಲಿ ಮಾಡಿ ಅಂದಂಗೆ ಕಣವ್ವ," ಅಂದಿದ್ದೆ ನೀನು. ಉಸ್ತಾ ಬರೆಸಿಕೊಂಡಿರಲಿಲ್ಲ. ಹಾಗಂತ ಜಗಳಕ್ಕೆ ಹೋದವನೂ ಅಲ್ಲ. ರೊಟ್ಟಿ ತಟ್ಟಿಕೊಂಡು ತನ್ನ ಪಾಡಿಗೆ ಇದ್ದ.

ಯುದ್ಧ ಬರುತ್ತದೆ ಅಂತಾದಾಗ ಕಂಪನಿಯವರು ಓಡಿದ ದಿನವನ್ನೂ ನೀನೇ ಹೇಳಿದ್ದು. ನಿನ್ನ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ಸೂಪರ್‌ವೈಸರ್ ಮೊದಲೇ ಹೋಗಿಬಿಟ್ಟಿದ್ದ. ಉಸ್ತಾ ನಿನ್ನನ್ನು ಒಲೆಯ ಹಿಂದಿನ ಹಿಟ್ಟಿನ ಕೋಣೆಯಲ್ಲಿ ಇಟ್ಟುಕೊಂಡ. ಆ ಚಳಿಗಾಲವೆಲ್ಲ ಬಾಂಬು. ಅದು ನಿಂತಿತು ಅನ್ನುವಾಗ ಊರವರು ದೊರೆಯ ಮೇಲೆ ತಿರುಗಿ ಬಿದ್ದರು. ಒಂದು ವಾರ ಊರು ಇವರದ್ದು, ಇನ್ನೊಂದು ವಾರ ಅವರದ್ದು. ಕೊನೆಗೆ ದೊರೆಯ ಮಿಲಿಟರಿ ವಾಪಸ್ ಬಂದು ಮನೆ ಮನೆಯ ಗಂಡಸರನ್ನು ಬೀದಿಗೆ ನಿಲ್ಲಿಸಿತು. ಉಸ್ತಾ ನಿನ್ನ ತೋಳು ಹಿಡಿದು, ಅಂಗಿ ಮೇಲಕ್ಕೆ ಸರಿಸಿ, ಅವ್ವನ ಹೆಸರನ್ನು ಆಫೀಸರನ ಮುಖದ ಮುಂದೆ ಹಿಡಿದನಂತೆ. ಇವನು ಇಂಡಿಯಾದವನು, ಅಡಿಗೆಯವನು, ಇವನ ಅಕ್ಷರ ನೋಡಿ, ನಮ್ಮವನಲ್ಲ ಅಂದನಂತೆ. ಆಫೀಸರ್ ಆ ಅಕ್ಷರ ನೋಡಿ ನಿನ್ನನ್ನು ಪಕ್ಕಕ್ಕೆ ತಳ್ಳಿದ. ಉಸ್ತಾನನ್ನೂ ಯಾಶಾರನನ್ನೂ ಲಾರಿ ಹತ್ತಿಸಿದ.

ಇಷ್ಟು ಹೇಳಿ ನೀನು ಒಲೆಯನ್ನೇ ನೋಡುತ್ತಿದ್ದೆ. "ನನ್ ತೋಳ್ನಾಗೆ ಅವ್ವನ್ ಎಸ್ರಿತ್ತು ತಾಯಮ್ಮ. ಆ ಹೈದನ್ ತೋಳ್ನಾಗೆ ತೋರ್ಸಾಕೆ ಏನಿತ್ತು?" ನಾನು ಬೇರೆ ಸೌದೆ ತಂದು ಕೊಟ್ಟೆ.

ಉಸ್ತಾನ ಹೆಂಡತಿ ರೊಟ್ಟಿ ಕಟ್ಟಿಕೊಟ್ಟು ನಿನ್ನನ್ನು ಗಡಿ ಕಡೆ ಹೋಗುವ ಲಾರಿಯೊಂದಕ್ಕೆ ಹತ್ತಿಸಿದಳು. ಆ ಕಡೆಯಿಂದ ಹಿಡಿದುಕೊಂಡು ಹೋದ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆದರು ಅಂತ ದಾರಿಯಲ್ಲಿ ಯಾರೋ ಹೇಳಿದರು. ನಿನಗೆ ಗೊತ್ತಿದ್ದದ್ದು ಅಷ್ಟೇ.

ಆ ವರ್ಷದ ಮಾರ್ನಮಿ ನೆನಪಿದೆಯಾ? ಅಪ್ಪನ ಎಲೆಯ ಪಕ್ಕ ನೀನು ಇನ್ನೊಂದು ಬಾಳೆ ಎಲೆ ಹಾಸಿದೆ. ಅದಕ್ಕೆ ಅಂತಲೇ ಹುಣಸೂರಿಗೆ ಹೋಗಿ ಸಾಬರ ಅಂಗಡಿಯ ಮಾಂಸ ತಂದಿದ್ದೆ. ಗೋಧಿ ರೊಟ್ಟಿ, ಸಣ್ಣ ಗ್ಲಾಸಿನಲ್ಲಿ ಹಾಲಿಲ್ಲದ ಚಹಾ, ಕುಡಿಯಲಾಗದಷ್ಟು ಸಕ್ಕರೆ. ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಸಾಬ್ರಿಗೆ ಎಡೆ ಇಕ್ತಾರೇನ್ಲಾ? ಊರೋರು ನಗ್ತಾರೆ."

"ನಗ್ಲಿ ಬುಡವ್ವ. ಅಲ್ಲಿ ಅವ್ರಿಗೆ ಇಕ್ಕೋರು ಯಾರವ್ರೆ?"

ಅವ್ವ ಒಳಗೆ ಹೋದಳು, ಮತ್ತೆ ಬಂದಳು. "ನಿಮ್ಮಪ್ಪನ್ ಎಲೆಗೆ ಇಕ್ಕಿರೋ ಎಂಡ ಆ ಕಡೀಕೆ ಚೆಲ್ಲದಂಗೆ ನೋಡ್ಕೊ ಮತ್ತೆ. ಅವ್ರಿಗೆ ಆಗಾಕಿಲ್ಲ," ಅಂದಳು. ಯಾಶಾರನಿಗೂ ಇಡುವುದಿಲ್ಲವಾ ಅಂತ ನಾನು ಕೇಳಿದೆ. ನೀನು ಬೇಡ ಅಂದೆ. ಯಾಕೆ ಅಂತ ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲೂ ಉಸ್ತಾನಿಗೆ ಮಾತ್ರ ಎಲೆ, ಹುಡುಗನಿಗೆ ಇಲ್ಲ. ಅವ್ವ ಹೋದ ಮೇಲೆ ಅವ್ವನ ಎಲೆಯೂ ಸೇರಿತು. ಉಸ್ತಾನದ್ದು ತಪ್ಪಲಿಲ್ಲ.

ಕಾಮಾಲೆ ಹತ್ತಿ ಮಲಗಿದ್ದಾಗಲೂ ನಿನ್ನದು ಅದೇ ವಿಚಾರ. ಗಲ್ಫಿಗೆ ಹೊರಟ ಯಾರೇ ಬಂದರೂ, ಆ ಕಡೆ ಹೋದರೆ ರೊಟ್ಟಿ ಒಲೆಯ ಉಸ್ತಾನ ಮನೆಯವರನ್ನು ವಿಚಾರಿಸು ಅನ್ನುತ್ತಿದ್ದೆ. ಪಿರಿಯಾಪಟ್ಟಣದ ಬಶೀರನಿಗೂ ಹೇಳಿದ್ದೆ. "ನಾನೋಗೋದು ಕುವೈತ್‌ಗೆ ಕಣಣ್ಣ, ಇರಾಕ್‌ಗಲ್ಲ," ಅಂದಿದ್ದ ಅವನು. ಅವನು ಹೊರಟ ಸ್ವಲ್ಪ ದಿನಕ್ಕೆ ನೀನು ಹೋದೆ. ಆ ವರ್ಷದಿಂದ ನಿನ್ನ ಎಲೆಯ ಪಕ್ಕ ಉಸ್ತಾನ ಎಲೆ ಹಾಸಿದವಳು ನಾನೇ. ಸಕ್ಕರೆ ಕಮ್ಮಿ ಮಾಡಲಿಲ್ಲ.

ಬಶೀರ ರಜಕ್ಕೆ ಬಂದು ನಮ್ಮ ಮನೆ ಬಾಗಿಲಲ್ಲಿ ನಿಂತದ್ದು ಈ ಶ್ರಾವಣ ಕಳೆದ ಮೇಲೆ. ನೀನು ಇಲ್ಲ ಅನ್ನುವುದು ಅವನಿಗೆ ಆ ದಿನವೇ ತಿಳಿದದ್ದು. ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ, ಅದಕ್ಕೆ ಹಾಕಿದ್ದ ಹಾರ ನೋಡಿ, ಅಲ್ಲೇ ಕೂತುಬಿಟ್ಟ. ಅತ್ತಿಗೆ ನೀರು ಕೊಟ್ಟಳು. ಕುಡಿದು ಹೇಳಿದ. ಕುವೈತ್ ಅಂತ ಕರೆದುಕೊಂಡು ಹೋದ ಏಜೆಂಟ್ ಅವನನ್ನು ಕಿರ್ಕುಕ್ ಹತ್ತಿರ ಅಮೆರಿಕದವರ ಮಿಲಿಟರಿ ಕ್ಯಾಂಪಿನ ಅಡಿಗೆಮನೆಗೆ ತಳ್ಳಿದ್ದನಂತೆ. ಗೇಟಿಗೆ ತರಕಾರಿ ತರುವ ಡ್ರೈವರ್ ತುರ್ಕಮನ್ ಅಂತ ತಿಳಿದು ನಿನ್ನ ಮಾತು ನೆನಪಾಗಿ ಕೇಳಿದನಂತೆ. ಆಮೇಲೆ...

"ಅಕ್ಕಾ, ಉಸ್ತಾ ಬದುಕವ್ರೆ."

ಅತ್ತಿಗೆ ಚೊಂಬು ಕೆಳಗಿಟ್ಟು ಹತ್ತಿರ ಬಂದಳು.

"ಅವ್ರೇ ಅಂತ ಎಂಗ್ ಹೇಳ್ತೀಯಪ್ಪಾ? ಆ ಎಸ್ರಿನೋರು ಎಷ್ಟ್ ಜನ ಇರ್ತಾರೋ," ಅಂದೆ.

"ತರಕಾರಿ ಗಾಡೀಲಿ ಕೂತ್ಕೊಂಡು ಗೇಟ್ ತಾವ್ಕೆ ಬಂದ್ರು ಅಕ್ಕ. ಕಣ್ಣಿಗೆ ಪೊರೆ ಬಂದದೆ. ನನ್ ತೋಳ್ ಹಿಡ್ಕೊಂಡು ಬೆರಳಲ್ಲಿ ಗೀಚಿ ತೋರ್ಸುದ್ರು. ಪುತ್ತಮ್ಮ, ಪುತ್ತಮ್ಮ ಅಂದ್ರು."

ಅಣ್ಣಯ್ಯ, ನಮ್ಮವ್ವನ ಹೆಸರು ಕಿರ್ಕುಕ್‌ನಲ್ಲಿ ಇನ್ನೂ ಒಬ್ಬರ ಬಾಯಲ್ಲಿದೆ ಅಂದರೆ ನೀನು ನಂಬುತ್ತಿದ್ದೆಯಾ?

ಉಸ್ತಾನನ್ನು ಕೊಲ್ಲಲಿಲ್ಲ, ಜೈಲಿಗೆ ಹಾಕಿದ್ದರು. ವರ್ಷಗಟ್ಟಲೆ. ಅಮೆರಿಕದವರು ಬಂದ ಈ ಯುದ್ಧಕ್ಕೆ ಸ್ವಲ್ಪ ಮುಂಚೆ ಒಂದು ದಿನ ಜೈಲಿನ ಬಾಗಿಲು ತೆಗೆದು ಎಲ್ಲರನ್ನೂ ಬಿಟ್ಟರಂತೆ. ಬಂದು ನೋಡಿದರೆ ಅವನ ಮನೆಯಲ್ಲಿ ಸರ್ಕಾರ ಬೇರೆ ಸಂಸಾರ ಕೂರಿಸಿತ್ತು. ದೊರೆ ಬಿದ್ದ ಮೇಲೆ ಅವರು ಓಡಿದರು, ಇನ್ನೊಬ್ಬರು ಬಂದು ಇದು ನಮ್ಮದು ಅಂದರು. ಮಗಳ ಮನೆಯ ಪಕ್ಕ ಒಲೆ ಕಟ್ಟಿದ, ಸಂತೆಯಲ್ಲಿ ಬಾಂಬು ಸಿಡಿದು ಒಲೆ ಒಡೆಯಿತು. ಮತ್ತೆ ಕಟ್ಟಿದ. ಈಗ ಅಳಿಯ ಹಿಟ್ಟು ನಾದುತ್ತಾನೆ, ಉಸ್ತಾ ತಡವಿ ತಡವಿ ರೊಟ್ಟಿ ತಟ್ಟುತ್ತಾನೆ. "ಅಲ್ಲಿ ಎಲ್ರ ಹಿಂದೂ ಒಂದೊಂದು ದಂಡದೆ ಅಕ್ಕ. ಇವ್ರ ಹಿಂದೆ ಯಾರೂ ಇಲ್ಲ. ಯಾರ್ ಬಂದ್ರೂ, ನೀವ್ ಯಾರ್ ಕಡೆ ಅಂತ ಇವ್ರನ್ನೇ ಕೇಳೋದು," ಅಂದ ಬಶೀರ.

ಯಾಶಾರ? ಮೊದಲ ದಿನವೇ ಅಪ್ಪನನ್ನೂ ಮಗನನ್ನೂ ಬೇರೆ ಬೇರೆ ಲಾರಿಗೆ ಹತ್ತಿಸಿದ್ದರು. ಆಮೇಲೆ ಅವನನ್ನು ಕಂಡವರಿಲ್ಲ. ಈಗೀಗ ಅಲ್ಲಲ್ಲಿ ನೆಲ ಅಗೆದು, ಸಿಕ್ಕ ಬಟ್ಟೆಗಳನ್ನು ಹಾಸಿ ಇಡುತ್ತಾರಂತೆ, ಮನೆಯವರು ಗುರುತು ಹಿಡಿಯಲಿ ಅಂತ. ಉಸ್ತಾನ ಹೆಂಡತಿ ಹೋಗಿ ಎಲ್ಲವನ್ನೂ ಮುಟ್ಟಿ ನೋಡಿ, ಇದರಲ್ಲಿ ನನ್ನ ಮಗನದ್ದು ಇಲ್ಲ ಅಂತ ವಾಪಸ್ ಬಂದಳು. ಸತ್ತವರಿಗೆ ಓದಿಸುವ ನಮಾಜು ಓದಿಸಲು ಅವಳು ಬಿಟ್ಟಿಲ್ಲ.

ಬಶೀರ ಹೊರಟ ಮೇಲೆ ಅತ್ತಿಗೆ ಗೋಳಾಡಿದ್ದನ್ನು ನೀನು ಕೇಳಬೇಕಿತ್ತು. "ಅಯ್ಯೋ ತಾಯಮ್ಮ, ಬದುಕಿರೋರ್ಗೆ ಎಡೆ ಇಕ್ಬುಟ್ವಲ್ಲೇ! ನಾವ್ ಇಕ್ಕಿ ಇಕ್ಕಿಯೇ ಅವ್ರಿಗೆ ಜೈಲಾಯ್ತೇನೋ, ಕಣ್ ಹೋಯ್ತೇನೋ!" ಸುಮ್ಮನಿರು ಅಂದರೂ ನನಗೂ ಭಯವೇ. ಇಂಥ ಅಪಚಾರ ನಮ್ಮ ವಂಶದಲ್ಲೇ ಆಗಿರಲಿಲ್ಲ. ಮಾರನೆಯ ದಿನ ಲಕ್ಷ್ಮಣತೀರ್ಥದಲ್ಲಿ ಮುಳುಗೆದ್ದು ಈಶ್ವರನ ಗುಡಿಗೆ ಹೋದೆವು. ಅಯ್ನೋರು ಎಲ್ಲ ಕೇಳಿಸಿಕೊಂಡು, ಅವರ ಆಯುಸ್ಸಿಗೆ ಅರ್ಚನೆ ಮಾಡಿಸಿ, ಹೆಸರು, ನಕ್ಷತ್ರ ಹೇಳಿ ಅಂದರು.

"ಎಸ್ರು ಹಸನ್ ಉಸ್ತಾ. ನಕ್ಷತ್ರ ಗೊತ್ತಿಲ್ಲ ಬುದ್ಧಿ."

ಅವರು ನನ್ನ ಮುಖ ನೋಡಿದರು. ಅರ್ಚನೆಯ ತಟ್ಟೆ ಎತ್ತಿಕೊಂಡರು. "ಆಗಲಿ ಬುಡಿ ತಾಯಿ. ಶಿವನಿಗೆ ಗೊತ್ತಿರ್ತದೆ," ಅಂದು ಹಾಗೇ ಮಂತ್ರ ಹೇಳಿದರು. ಅಷ್ಟಕ್ಕೆ ಅತ್ತಿಗೆಗೆ ಸಮಾಧಾನವಾಯಿತು. ನನಗೆ ಒಂದು ಮಾತು ಉಳಿದಿತ್ತು. ಉಸ್ತಾ ಗೇಟಿನಲ್ಲಿ ನಿನ್ನ ವಿಚಾರ ಕೇಳಿದಾಗ, ನೀನು ಚೆನ್ನಾಗಿದ್ದೀಯ ಅಂತ ಬಶೀರ ಹೇಳಿದ್ದ. ರಜ ಮುಗಿಸಿ ಮತ್ತೆ ಹೊರಟವನು ಮನೆಗೆ ಬಂದು, "ಏನ್ ಹೇಳ್ಲಿ ಅಕ್ಕಾ?" ಅಂತ ಕೇಳಿದ. ಮುದುಕರು, ನೊಂದವರು, ಹೇಳುವುದು ಬೇಡ ಅಂದಳು ಅತ್ತಿಗೆ. ನಾನು ಹೇಳು ಅಂದೆ. ಬದುಕಿದ್ದವರನ್ನು ನಾವು ಸತ್ತವರು ಅಂದುಕೊಂಡದ್ದು ಸಾಕು. ಹೋದ ನಿನ್ನನ್ನು ಅವರು ಇದ್ದಾನೆ ಅಂದುಕೊಂಡು ಕಾಯುವುದು ಬೇಡ. ನಾನು ಹೇಳಿದ್ದು ಸರಿಯಲ್ಲವಾ ಅಣ್ಣಯ್ಯ?

ಮೊನ್ನೆ ಮಾರ್ನಮಿ ಆಯಿತು. ಅಪ್ಪನಿಗೆ, ಅವ್ವನಿಗೆ, ನಿನಗೆ ಎಲೆ ಹಾಸಿದೆವು. ಉಸ್ತಾನ ಜಾಗ ಬರಿದಾಗಿತ್ತು. ಅಲ್ಲಿ ಯಾಶಾರನಿಗೆ ಹಾಸೋಣವಾ ಅಂತ ಅತ್ತಿಗೆಯೇ ಕೇಳಿದಳು. ಕೈಯಲ್ಲಿ ಎಲೆ ಹಿಡಿದು ನಿಂತೆ. ನೀನು ಅಷ್ಟು ವರ್ಷ ಅವನಿಗೆ ಯಾಕೆ ಹಾಸಲಿಲ್ಲ ಅಂತ ಆಗ ತಿಳಿಯಿತು. ಹಾಸಿದರೆ ಆ ಹುಡುಗ ಸತ್ತ ಅಂತ ನಾವೇ ಒಪ್ಪಿಕೊಂಡ ಹಾಗೆ. ಎಲೆ ಮಡಿಸಿ ಒಳಗಿಟ್ಟೆ. ಆ ಜಾಗವನ್ನು ಸಾರಿಸಿ, ರಂಗೋಲಿ ಎಳೆದು ಬಿಟ್ಟಿದ್ದೇನೆ.

ನೀನು ಈಗ ಇರುವ ಕಡೆ ಎಲ್ಲ ಜಾತಿಯವರೂ ಎಲ್ಲ ಭಾಷೆಯವರೂ ಇರುತ್ತಾರೆ ಅಂತ ನಂಬಿದವಳು ನಾನು. ಅಲ್ಲಿ ಯಾರಾದರೂ ನಿನ್ನ ಹತ್ತಿರ ಬಂದು ಕನ್ನಡದಲ್ಲಿ "ಬೇಕಾ? ಸಾಕಾ?" ಅಂದಿದ್ದರೆ, ಒಂದು ಸಲ ನನ್ನ ಕನಸಿಗೆ ಬಂದು ಹೇಳು. ಬರುವ ವರ್ಷ ನಾನೇ ಹುಣಸೂರಿಗೆ ಹೋಗಿ ಮಾಂಸ ತಂದು ಅವನಿಗೆ ಎಲೆ ಹಾಸುತ್ತೇನೆ, ಇದು ನನ್ನ ಮಾತು. ಅವನು ಅಲ್ಲಿಗೆ ಬಂದಿಲ್ಲವಾದರೆ ನೀನೂ ಕನಸಿಗೆ ಬರಬೇಡ.

ಹಬ್ಬ ಕಳೆದು ಎರಡು ದಿನವಾಯಿತು. ನೀನು ಇನ್ನೂ ಬಂದಿಲ್ಲ. ಬರಬೇಡ, ಅಣ್ಣಯ್ಯ.

ನಿನ್ನ ತಂಗಿ,
ತಾಯಮ್ಮ